ಹಳಿ ಪಕ್ಕದ ಸೊಸೈಟಿಗೆ ರಿಡೆವಲಪ್‌ಮೆಂಟ್: ನಕ್ಷೆಗೆ ಒಪ್ಪುವ ಮುಂಚೆ ನೋಡಬೇಕಾದದ್ದು

ಡೊಂಬಿವಲಿ, ಮುಲುಂಡ್, ಭಾಂಡುಪ್, ಘಾಟ್ಕೋಪರ್, ಮೀರಾ ರೋಡ್, ನಾಲಾಸೋಪಾರ. ಮುಂಬೈ ಕನ್ನಡಿಗರು ಹೆಚ್ಚಾಗಿರುವ ಜಾಗಗಳೆಲ್ಲ ಲೋಕಲ್ ರೈಲಿನ ದಾರಿಯಲ್ಲೇ ಇವೆ. ಸ್ಟೇಷನ್‌ಗೆ ನಡೆದು ಹೋಗಬಹುದು ಅಂತ ಆ ಕಾಲದಲ್ಲಿ ಹಿರಿಯರು ಕೊಂಡ ಮನೆಗಳು ಈಗ ಹಳತಾಗಿವೆ. ಸ್ಲ್ಯಾಬ್ ಉದುರುತ್ತಿದೆ, ಬಿಲ್ಡರ್‌ಗಳು ಬಾಗಿಲು ತಟ್ಟುತ್ತಿದ್ದಾರೆ. ಹೀಗಾಗಿ ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಒಂದೇ: "ನಮ್ಮ ಸೊಸೈಟಿ ಹಳಿ ಪಕ್ಕದಲ್ಲೇ ಇದೆ. ಹೊಸ ಕಟ್ಟಡದಲ್ಲಿ ಡಬಲ್ ಗ್ಲಾಸ್ ಕಿಟಕಿ ಕೊಡ್ತೀವಿ ಅಂತ ಬಿಲ್ಡರ್ ಹೇಳ್ತಿದ್ದಾರೆ. ಅಷ್ಟು ಸಾಕಾ?"

ಸಾಕಾಗುವುದಿಲ್ಲ. ರೈಲಿನ ಶಬ್ದ, ಅದುರು, ಮಳೆನೀರು, ಧೂಳು, ಇವಕ್ಕೆಲ್ಲ ಉತ್ತರ ನಕ್ಷೆಯ ಹಾಳೆಯ ಮೇಲೇ ಸಿಗಬೇಕು. ಕಟ್ಟಡ ಎಲ್ಲಿ ಕೂರುತ್ತದೆ, ಮಲಗುವ ಕೋಣೆ ಯಾವ ಕಡೆಗಿದೆ, ಅಡಿಪಾಯ ಹೇಗಿದೆ ಅನ್ನುವುದು ಒಮ್ಮೆ ತೀರ್ಮಾನವಾದರೆ ಆಮೇಲೆ ಎಷ್ಟು ದುಡ್ಡು ಸುರಿದರೂ ಅರ್ಧಂಬರ್ಧ ಪರಿಹಾರವೇ. ಗಾಜು ಕೊನೆಯಲ್ಲಿ ಬರುವ ಕೆಲಸ. ಆದ್ದರಿಂದ ಈ ಮಾರ್ಗದರ್ಶಿಯನ್ನು ನಕ್ಷೆ ಇನ್ನೂ ಪೆನ್ಸಿಲ್‌ನಲ್ಲಿರುವಾಗಲೇ ಓದಿ.

ಮೊದಲು ಕೈಯಲ್ಲಿ ಇಟ್ಟುಕೊಳ್ಳಬೇಕಾದದ್ದು

ಪ್ರಾಪರ್ಟಿ ಕಾರ್ಡ್ ಮತ್ತು ಸಿಟಿ ಸರ್ವೆ ನಕ್ಷೆ. ನಿಮ್ಮ ಅಂಗಳ, ರಸ್ತೆ ಮತ್ತು ಹಳಿಯ ಮಟ್ಟ ತೋರಿಸುವ ಲೆವೆಲ್ ಸರ್ವೆ. ಮಣ್ಣು ಪರೀಕ್ಷೆಯ ವರದಿ. ಶಬ್ದ ಅಳೆಯುವ ಮೀಟರ್ ಇರುವ ಒಬ್ಬ ಅಕೌಸ್ಟಿಕ್ ಸಲಹೆಗಾರ, ಅಂದರೆ ಶಬ್ದದ ವಿಷಯದ ತಜ್ಞ. ಸೊಸೈಟಿ ಹೇಗೂ ಪಿಎಂಸಿ ನೇಮಿಸಿಕೊಂಡಿರುತ್ತದೆ. ಪಿಎಂಸಿ ಎಂದರೆ ಸೊಸೈಟಿಯ ಪರವಾಗಿ ಯೋಜನೆ ನೋಡಿಕೊಳ್ಳುವ ಸಲಹೆಗಾರರು. ಈ ತಜ್ಞರನ್ನು ಅವರ ಮೂಲಕವೇ ಕರೆಸಿ. ಬಿಲ್ಡರ್ ಕರೆತಂದ ತಜ್ಞ ಬಿಲ್ಡರ್‌ಗೇ ವರದಿ ಕೊಡುತ್ತಾನೆ, ಅದು ನೆನಪಿರಲಿ.

1. ಗಡಿ ಎಲ್ಲಿದೆ ಅಂತ ನೋಡಿ

ಎಲ್ಲರೂ ಎಡವುವುದು ಇಲ್ಲೇ. ಹಳಿಗೂ ನಮಗೂ ಇಷ್ಟು ದೂರ ಇದೆ ಅಂತ ಹಳಿಯಿಂದ ಅಳೆಯುತ್ತಾರೆ. ನಿಯಮ ಅಳೆಯುವುದು ಹಳಿಯಿಂದ ಅಲ್ಲ, ರೈಲ್ವೆ ಜಮೀನಿನ ಗಡಿಯಿಂದ. ಆ ಗಡಿಯಿಂದ 30 ಮೀಟರ್ ಒಳಗೆ ಹೊಸದಾಗಿ ಕಟ್ಟುವುದಿದ್ದರೂ, ಹಳೆಯದನ್ನು ಕೆಡವಿ ಕಟ್ಟುವುದಿದ್ದರೂ ರೈಲ್ವೆಯ ಎನ್‌ಒಸಿ, ಅಂದರೆ ನಿರಾಕ್ಷೇಪಣಾ ಪತ್ರ ಬೇಕು. ಬೃಹನ್ಮುಂಬೈ ವ್ಯಾಪ್ತಿಯಲ್ಲಿ ಕಟ್ಟಡಗಳಿಗೆ ಅನ್ವಯಿಸುವುದು ಡಿಸಿಪಿಆರ್ 2034 ಎಂಬ ಕಟ್ಟಡ ನಿಯಮಗಳ ಪುಸ್ತಕ. ಠಾಣೆ, ಕಲ್ಯಾಣ್-ಡೊಂಬಿವಲಿ, ಮೀರಾ-ಭಾಯಂದರ್, ಪುಣೆ ಕಡೆ 2020ರಲ್ಲಿ ಬಂದ ಯುಡಿಸಿಪಿಆರ್ ಎಂಬ ಇನ್ನೊಂದು ನಿಯಮ ಪುಸ್ತಕ. ಪುಸ್ತಕ ಬೇರೆಯಾದರೂ ಈ 30 ಮೀಟರ್ ವಿಷಯದಲ್ಲಿ ಎರಡೂ ಒಂದೇ.

ಗಡಿಗಲ್ಲು ಕಸದಡಿ ಹೂತುಹೋಗಿರುವುದು ಸಾಮಾನ್ಯ. ಹಳೆಯ ಕಾಂಪೌಂಡ್ ಗೋಡೆಯೇ ಗಡಿ ಅಂತ ಅಂದುಕೊಳ್ಳಬೇಡಿ. ರೈಲ್ವೆಯವರ ಜೊತೆ ಜಂಟಿ ಅಳತೆ ಮಾಡಿಸಿ, ಅದನ್ನು ಸಹಿಯೊಂದಿಗೆ ಪಡೆದುಕೊಳ್ಳಿ. ನಕ್ಷೆಯಲ್ಲಿ ಎರಡು ಅಂತರಗಳೂ ಇರಲಿ: ಗಡಿಯಿಂದ ಎಷ್ಟು, ಹತ್ತಿರದ ಹಳಿಯ ನಡುಗೆರೆಯಿಂದ ಎಷ್ಟು.

ಗೋಡೆಯಾಚೆ ಖಾಲಿ ಜಾಗ ಇದೆ, ಪೊದೆ ಬೆಳೆದಿದೆ, ಹಳಿ ದೂರ ಇದೆ ಅಂತ ಸಮಾಧಾನ ಪಡುವವರಿಗೆ ಒಂದು ಮಾತು. ಆ ಖಾಲಿ ಪಟ್ಟಿ ರೈಲ್ವೆಯದು. ಠಾಣೆ ಮತ್ತು ದಿವಾ ನಡುವೆ ಐದು ಮತ್ತು ಆರನೇ ಹಳಿ 2022ರ ಫೆಬ್ರವರಿಯಲ್ಲಿ ಶುರುವಾಯಿತು. ಪಶ್ಚಿಮ ಮಾರ್ಗದಲ್ಲಿ ಖಾರ್‌ನಿಂದ ಗೋರೆಗಾಂವ್‌ವರೆಗೆ ಆರನೇ ಹಳಿ 2023ರ ನವೆಂಬರ್‌ನಲ್ಲಿ ಬಂತು. ಹೊಸ ಹಳಿ ಹಾಕಿದಾಗ ಯಾರದೋ ಮನೆ ಕಿಟಕಿಗೆ ರೈಲು ಹತ್ತಿರವಾಗುತ್ತದೆ. ಆದ್ದರಿಂದ ಶಬ್ದದ ಲೆಕ್ಕವನ್ನು ಇವತ್ತಿನ ಹಳಿಗೆ ಹಾಕಬೇಡಿ. ಗಡಿಗೆ ಅಂಟಿಕೊಂಡೇ ಒಂದು ಹಳಿ ಬರುತ್ತದೆ ಎಂದುಕೊಂಡು ಹಾಕಿಸಿ.

ಎನ್‌ಒಸಿ ಅರ್ಜಿ ಹೋಗುವುದು ಡಿವಿಜನಲ್ ಕಚೇರಿಗೆ. ಪಶ್ಚಿಮ ರೈಲ್ವೆಯದು ಮುಂಬೈ ಸೆಂಟ್ರಲ್‌ನಲ್ಲಿ, ಮಧ್ಯ ರೈಲ್ವೆಯದು ಸಿಎಸ್‌ಎಂಟಿಯಲ್ಲಿ. ರೈಲ್ವೆ ಜಮೀನಿಗೆ ನೀರು ಬಿಡುವುದಿಲ್ಲ, ಆ ಕಡೆ ಬಾಗಿಲು ತೆರೆಯುವುದಿಲ್ಲ, ಶಬ್ದ ಮತ್ತು ಅದುರಿನ ಬಗ್ಗೆ ಮುಂದೆ ತಕರಾರು ಎತ್ತುವುದಿಲ್ಲ ಅಂತೆಲ್ಲ ಮುಚ್ಚಳಿಕೆ ಕೇಳುವುದುಂಟು. ಅದನ್ನು ಓದಿ ಸಹಿ ಹಾಕಿ. ಆ ಸಹಿ ಬಿದ್ದ ಮೇಲೆ ಶಬ್ದ ತಡೆಯುವ ಹೊಣೆ ಪೂರ್ತಿ ನಿಮ್ಮ ಕಟ್ಟಡದ ಮೇಲೇ ಬೀಳುತ್ತದೆ. ಹತ್ತಿರ ಮೆಟ್ರೋ ಇದ್ದರೆ ಅದಕ್ಕೆ ಬೇರೆ ಅನುಮತಿ, ಬೇರೆ ಕಚೇರಿ.

2. ಶಬ್ದವನ್ನು ಅಳೆಯಿರಿ, ಊಹಿಸಬೇಡಿ

"ನಮಗೆ ಅಭ್ಯಾಸ ಆಗಿಹೋಗಿದೆ" ಅಂತ ಹಳಬರು ಹೇಳುತ್ತಾರೆ. ಕಿವಿಗೆ ಅಭ್ಯಾಸವಾಗಬಹುದು, ನಿದ್ದೆಗೆ ಪೂರ್ತಿ ಆಗುವುದಿಲ್ಲ. ಎಚ್ಚರವಾಗದಿದ್ದರೂ ರಾತ್ರಿಯ ಶಬ್ದಕ್ಕೆ ದೇಹ ಸ್ಪಂದಿಸುತ್ತಲೇ ಇರುತ್ತದೆ.

ಅಳತೆ ಕನಿಷ್ಠ ಒಂದು ಪೂರ್ತಿ ದಿನದ್ದಾಗಿರಲಿ. ಬೆಳಗಿನ ರಶ್, ಮಧ್ಯಾಹ್ನ, ಕೊನೆಯ ಲೋಕಲ್ ಹೋಗುವ ಹೊತ್ತು, ಗೂಡ್ಸ್ ರೈಲು ಓಡುವ ನಡುರಾತ್ರಿ, ನಸುಕಿನ ಮೊದಲ ಲೋಕಲ್ ಎಲ್ಲ ಸೇರಲಿ. ಹಳಿ ರಿಪೇರಿಗೆಂದು ರೈಲು ಕಡಿಮೆ ಮಾಡುವ ಭಾನುವಾರದ ಮೆಗಾ ಬ್ಲಾಕ್ ದಿನ ಮಾತ್ರ ಅಳೆದು "ಇಷ್ಟೇ ಶಬ್ದ" ಅಂತ ವರದಿ ಕೊಟ್ಟರೆ ಒಪ್ಪಬೇಡಿ. ಫೋನ್ ಆ್ಯಪ್ ಹೋಲಿಕೆಗೆ ಪರವಾಗಿಲ್ಲ, ಒಪ್ಪಂದಕ್ಕೆ ಆಧಾರವಾಗದು.

ವರದಿಯಲ್ಲಿ ಎರಡು ಬಗೆಯ ಸಂಖ್ಯೆ ಇರುತ್ತವೆ. ಒಂದು ಸರಾಸರಿ: ಒಂದು ಅವಧಿಯ ಏರಿಳಿತವನ್ನೆಲ್ಲ ಸೇರಿಸಿ ತೆಗೆದದ್ದು. ಇನ್ನೊಂದು ತುದಿ: ಒಂದು ರೈಲು ಹೋಗುವಾಗ ಶಬ್ದ ಏರಿದ ಅತಿ ಹೆಚ್ಚಿನ ಮಟ್ಟ. ನಮ್ಮ ದೇಶದ 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬೆಲ್ ಮಿತಿ. ಅದು ಬಡಾವಣೆಯ ಸರಾಸರಿಗೆ. ಮಲಗುವ ಕೋಣೆಗೆ ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲಿ ಹೇಳಿದ್ದು ಹೆಚ್ಚು ಉಪಯೋಗಕ್ಕೆ ಬರುತ್ತದೆ: ಒಳಗೆ ಸರಾಸರಿ 30, ಒಂದೊಂದು ಸದ್ದಿನ ತುದಿ 45 ದಾಟಬಾರದು. ರೈಲಿನ ವಿಷಯದಲ್ಲಿ ನಾನು ತುದಿಯನ್ನೇ ಮೊದಲು ನೋಡುತ್ತೇನೆ. ನಿದ್ದೆ ಕೆಡಿಸುವುದು ಸರಾಸರಿ ಅಲ್ಲ, ಒಂದು ಹಾರ್ನ್.

ಲೆಕ್ಕ ಸುಲಭ. ಹೊರಗೆ ತುದಿ 80 ಬಂತು ಅನ್ನಿ. ಒಳಗೆ 45 ಬೇಕು. ಕಟ್ಟಡ 35 ಡೆಸಿಬೆಲ್ ತಡೆಯಬೇಕು. ಮುಂದಿನ ಎಲ್ಲ ಹಂತಗಳಲ್ಲೂ ಈ ಒಂದು ಸಂಖ್ಯೆಯನ್ನು ಹಿಡಿದುಕೊಳ್ಳಿ.

ಶಬ್ದ ಎಲ್ಲಿಂದ ಬರುತ್ತದೆ ಅನ್ನುವುದನ್ನೂ ಬರೆದಿಡಿ. ನಿಮ್ಮ ಪಕ್ಕದ್ದು ಸ್ಲೋ ಲೈನಾ, ಫಾಸ್ಟ್ ಲೈನಾ? ತಿರುವು ಇದೆಯಾ? ತಿರುವಿನಲ್ಲಿ ಚಕ್ರ ಕಿರುಚುತ್ತದೆ. ಹಳಿ ಕವಲೊಡೆಯುವ ಜಾಗದಲ್ಲಿ ಟಕಟಕ ಸದ್ದು ಜಾಸ್ತಿ. ಉಕ್ಕಿನ ಸೇತುವೆ ಇದ್ದರೆ ಅದೇ ಗುಡುಗುತ್ತದೆ. ಸ್ಟೇಷನ್ ತೀರಾ ಹತ್ತಿರ ಇದ್ದರೆ ಘೋಷಣೆಗಳ ಲೌಡ್‌ಸ್ಪೀಕರ್ ಕೂಡ ಲೆಕ್ಕಕ್ಕೆ ಬರಬೇಕು.

3. ಅದುರು: ಅಡಿಪಾಯಕ್ಕೆ ಮುಂಚೆ ಮಾತ್ರ ಪರಿಹಾರ

ಶಬ್ದ ಗಾಳಿಯಲ್ಲಿ ಬರುತ್ತದೆ, ಅದುರು ನೆಲದಲ್ಲಿ ಬರುತ್ತದೆ. ಚಕ್ರ ಹಳಿಯನ್ನು ಬಡಿದ ಪೆಟ್ಟು ಮಣ್ಣಿಗೆ, ಮಣ್ಣಿನಿಂದ ಅಡಿಪಾಯಕ್ಕೆ, ಅಲ್ಲಿಂದ ಕಂಬಗಳ ಮೂಲಕ ಮಹಡಿಗೆ ಹತ್ತುತ್ತದೆ. ಅಗಲವಾದ ತೆಳ್ಳನೆಯ ಸ್ಲ್ಯಾಬ್ ಇದ್ದರೆ ಅದು ಚೆಂಡೆಯ ಚರ್ಮದ ಹಾಗೆ ಅದನ್ನು ಹಿಗ್ಗಿಸುತ್ತದೆ. ಕೋಣೆಯೊಳಗೆ ಕೇಳುವುದು ಒಂದು ಮಂದ ಗುಡುಗು. ಕಿಟಕಿ ಎಷ್ಟು ಬಿಗಿಯಾಗಿ ಮುಚ್ಚಿದರೂ ಅದು ಹೋಗುವುದಿಲ್ಲ. ಕಿಟಕಿಯಿಂದ ಬಂದದ್ದೇ ಅಲ್ಲವಲ್ಲ.

ಖಾಲಿ ನಿವೇಶನದಲ್ಲೇ ಅದುರನ್ನು ಅಳೆಯಿಸಿ, ತುಂಬಿದ ಲೋಕಲ್ ಮತ್ತು ಗೂಡ್ಸ್ ಎರಡೂ ಹೋಗುವಾಗ. ಭಾರತದಲ್ಲಿ ಕೆಲಸ ಮಾಡುವ ಸಲಹೆಗಾರರು ಹೆಚ್ಚಾಗಿ ಹೊರದೇಶದ ಮಾನದಂಡ ಹಿಡಿಯುತ್ತಾರೆ. ಅಮೆರಿಕದ ಸಾರಿಗೆ ಇಲಾಖೆಯದು ಅಂಥದ್ದೊಂದು. ದಿನಕ್ಕೆ 70ಕ್ಕಿಂತ ಜಾಸ್ತಿ ರೈಲು ಹೋಗುವ ಕಡೆ ಮನೆಗಳಿಗೆ ಅವರ ಮಿತಿ 72 ಅದುರು-ಡೆಸಿಬೆಲ್. ಮುಂಬೈನ ಮುಖ್ಯ ಉಪನಗರ ಮಾರ್ಗಗಳು ಈ ಎಪ್ಪತ್ತನ್ನು ಸುಲಭವಾಗಿ ದಾಟುತ್ತವೆ.

ಮಿತಿ ಮೀರಿದರೆ ದಾರಿ ಮೂರು: ಕಟ್ಟಡವನ್ನು ಹಿಂದಕ್ಕೆ ಸರಿಸುವುದು, ಸ್ಲ್ಯಾಬನ್ನು ದಪ್ಪ ಮಾಡಿ ಕಂಬಗಳ ಅಂತರ ಕಡಿಮೆ ಮಾಡುವುದು, ಕಂಬಗಳ ಬುಡದಲ್ಲಿ ರಬ್ಬರ್ ಅಥವಾ ಸ್ಪ್ರಿಂಗ್ ಬೇರಿಂಗ್ ಕೂರಿಸುವುದು. ಮೂರನೆಯದು ದುಬಾರಿ. ಆದರೆ ಅದನ್ನು ಆಮೇಲೆ ಸೇರಿಸಲು ಬರುವುದೇ ಇಲ್ಲ.

ಇಲ್ಲೊಂದು ತಪ್ಪು ತಿಳಿವಳಿಕೆ ಇದೆ. ಹಳೆ ಕಟ್ಟಡದ ಬಿರುಕಿಗೆಲ್ಲ ರೈಲೇ ಕಾರಣ ಅಂತ ಮೀಟಿಂಗ್‌ನಲ್ಲಿ ಹೇಳುತ್ತಾರೆ. ಮನುಷ್ಯನಿಗೆ ಗೊತ್ತಾಗುವ ಅದುರಿಗೂ ಗೋಡೆ ಬಿರುಕು ಬಿಡುವ ಅದುರಿಗೂ ತುಂಬಾ ಅಂತರವಿದೆ. ಮುಂಬೈನ ಉಪ್ಪುಗಾಳಿಯಲ್ಲಿ ಕಾಂಕ್ರೀಟ್ ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬುವುದೇ ಹೆಚ್ಚಿನ ಬಿರುಕುಗಳ ಮೂಲ. ಇದನ್ನು ಗೊಂದಲ ಮಾಡಿಕೊಂಡರೆ ಹೊಸ ಕಟ್ಟಡದಲ್ಲೂ ಕಬ್ಬಿಣದ ಮೇಲಿನ ಕಾಂಕ್ರೀಟ್ ಹೊದಿಕೆಯನ್ನು ಯಾರೂ ಗಮನಿಸುವುದಿಲ್ಲ.

4. ಕಟ್ಟಡವನ್ನು ಹೇಗೆ ಕೂರಿಸುವುದು

"ಹತ್ತಡಿ ಹಿಂದೆ ಹಾಕಿಸಿದ್ರೆ ಶಬ್ದ ಕಡಿಮೆ ಆಗಲ್ವಾ?" ಸ್ವಲ್ಪ ಆಗುತ್ತದೆ, ನೀವು ನಿರೀಕ್ಷಿಸಿದಷ್ಟಲ್ಲ. ರೈಲು ಉದ್ದನೆಯ ಶಬ್ದದ ಮೂಲ. ದೂರ ಇಮ್ಮಡಿಯಾದಾಗ ಅದರ ಶಬ್ದ ಸುಮಾರು 3 ಡೆಸಿಬೆಲ್ ಮಾತ್ರ ಇಳಿಯುತ್ತದೆ. 15 ಮೀಟರ್‌ನಿಂದ 30 ಮೀಟರ್‌ಗೆ ಹೋದರೂ ಅಷ್ಟೇ. ಕಿವಿಗೆ ಅರ್ಧ ಅನ್ನಿಸಬೇಕಾದರೆ 10 ಇಳಿಯಬೇಕು.

ಕಟ್ಟಡದ ಬೆನ್ನಿಗೆ ಮರೆಯಾದ ಕಡೆ ಮಾತ್ರ ದೊಡ್ಡ ವ್ಯತ್ಯಾಸ ಸಿಗುತ್ತದೆ. ಹಳಿಗೆ ಸಮಾನಾಂತರವಾಗಿ ಉದ್ದಕ್ಕೆ ನಿಂತ ಕಟ್ಟಡ ತಾನೇ ಒಂದು ಗೋಡೆ. ಅದರ ಹಿಂಬದಿ ನಿಜಕ್ಕೂ ಶಾಂತ. ತುದಿಯನ್ನು ಹಳಿಗೆ ತೋರಿಸಿ ಅಡ್ಡಕ್ಕೆ ನಿಂತ ಕಟ್ಟಡದಲ್ಲಿ ಹಳಿಗೆ ನೇರ ಮುಖ ಮಾಡಿದ ಮನೆಗಳೇನೋ ಕಡಿಮೆ. ಆದರೆ ಎರಡೂ ಬದಿಯ ಮನೆಗಳಿಗೆ ಅರ್ಧ ಹಳಿ ಕಾಣುತ್ತದೆ. ಶಬ್ದ ಇಳಿಯುವುದು ಮತ್ತೆ ಅದೇ 3 ಡೆಸಿಬೆಲ್. ಶಾಂತವಾದ ಬದಿ ಅಂತ ಒಂದೂ ಉಳಿಯುವುದಿಲ್ಲ.

ಜಾಗ ಇದ್ದರೆ ಮೂರು ಬದಿ ಮುಚ್ಚಿ, ಹಳಿಗೆ ಬೆನ್ನು ಹಾಕಿ, ಒಳಗೆ ಅಂಗಳ ಬರುವಂತೆ ಕೂರಿಸುವುದು ಅತ್ಯುತ್ತಮ. ಅದೇ ಆಕಾರವನ್ನು ತಿರುಗಿಸಿ ಬಾಯಿಯನ್ನು ಹಳಿ ಕಡೆಗಿಟ್ಟರೆ ಅಂಗಳದೊಳಗೆ ಶಬ್ದ ಗೋಡೆಯಿಂದ ಗೋಡೆಗೆ ಪುಟಿಯುತ್ತದೆ. "ಓಪನ್ ವ್ಯೂ" ಅಂತ ಇಂಥ ನಕ್ಷೆಯನ್ನು ತೋರಿಸಿದರೆ ಬೇಡ ಅನ್ನಿ.

ಪಾರ್ಕಿಂಗ್ ಪೋಡಿಯಂ, ಅಂದರೆ ಕೆಳಗಿನ ಕೆಲವು ಮಹಡಿ ಬರೀ ವಾಹನಕ್ಕೆ ಬಿಟ್ಟ ಕಟ್ಟೆ, ಈಗ ಹೇಗೂ ಎಲ್ಲ ಕಡೆ ಬರುತ್ತಿದೆ. ಅದನ್ನು ಹಳಿ ಕಡೆಗೆ ಚಾಚಿ, ಮನೆಗಳ ಗೋಪುರವನ್ನು ಹಿಂದಕ್ಕೆ ಸರಿಸಿ ನಿಲ್ಲಿಸಿದರೆ ಪೋಡಿಯಂನ ಅಂಚು ಕೆಳಗಿನ ಕೆಲವು ಮಹಡಿಗಳಿಗೆ ಹಳಿಯನ್ನು ಮರೆಮಾಡುತ್ತದೆ. ಹಳಿ ಕಾಣದಿದ್ದರೆ ಶಬ್ದವೂ ಕಡಿಮೆ. ಕಾಂಪೌಂಡ್ ಗೋಡೆಯ ಲೆಕ್ಕವೂ ಇದೇ: ನೆಲಮಹಡಿಗೆ ಉಪಕಾರ, ಆರನೇ ಮಹಡಿಗೆ ಏನೂ ಇಲ್ಲ. ಮರ ನೆಟ್ಟರೆ ಶಬ್ದ ನಿಲ್ಲುತ್ತದೆ ಅನ್ನುವ ಮಾತನ್ನು ನಂಬಬೇಡಿ. ಒಂದೆರಡು ಸಾಲು ಮರ ಧೂಳಿಗೆ, ಕಣ್ಣಿಗೆ ಒಳ್ಳೆಯದು, ಶಬ್ದಕ್ಕೆ ಅಲ್ಲ.

5. ಕೋಣೆಗಳ ಜೋಡಣೆ: ಅತಿ ಮುಖ್ಯ ಹಂತ

ಹಳಿ ಕಡೆಗೆ ಏನು ಬರಬೇಕು? ಮೆಟ್ಟಿಲು, ಲಿಫ್ಟ್ ಲಾಬಿ, ಕಾರಿಡಾರ್, ಬಚ್ಚಲು, ಅಡುಗೆಮನೆ, ಬಟ್ಟೆ ಒಗೆಯುವ ಜಾಗ, ಪೈಪ್‌ಗಳ ಡಕ್ಟ್. ಹಿಂಬದಿಗೆ ಏನು? ಮಲಗುವ ಕೋಣೆ, ಮಕ್ಕಳು ಓದುವ ಜಾಗ, ವಯಸ್ಸಾದವರ ಕೋಣೆ. ಹಾಲ್ ಎರಡರ ನಡುವೆ ಹೇಗಾದರೂ ಹೊಂದುತ್ತದೆ.

ಮುಂಬೈನಲ್ಲಿ ಇದಕ್ಕೊಂದು ವಿಶೇಷ ತೊಡಕಿದೆ. ಇಲ್ಲಿ ಹಳಿಗಳು ಬಹುಪಾಲು ಉತ್ತರ-ದಕ್ಷಿಣ. ನೀವು ಹಳಿಯ ಪೂರ್ವಕ್ಕಿದ್ದರೆ ಹಳಿ ಕಡೆ ಎಂದರೆ ಪಶ್ಚಿಮ. ಮಧ್ಯಾಹ್ನದ ಬಿಸಿಲು ಆ ಕಡೆಯಿಂದ, ಮಳೆಗಾಲದ ಎರಚಲು ಆ ಕಡೆಯಿಂದ, ಸಮುದ್ರದ ಗಾಳಿಯೂ ಆ ಕಡೆಯಿಂದಲೇ. ಶಬ್ದಕ್ಕಾಗಿ ಆ ಬದಿಯನ್ನು ಮುಚ್ಚಿದರೆ ಗಾಳಿಯೂ ನಿಂತಿತು. ಆದ್ದರಿಂದ ಪೂರ್ವದ ಸೊಸೈಟಿಗಳಲ್ಲಿ ಹಳಿ ಬದಿಗೆ ಆಳವಾದ ಬಾಲ್ಕನಿ ಅಥವಾ ಯುಟಿಲಿಟಿ ಪಟ್ಟಿ ಇರಲಿ. ಅದಕ್ಕೆ ಪೂರ್ತಿ ಗಟ್ಟಿ ಕಟ್ಟೆ ಇರಲಿ, ಕಂಬಿಯ ಗ್ರಿಲ್ ಬೇಡ. ಬಾಲ್ಕನಿಯ ಮೇಲಿನ ಸೀಲಿಂಗ್‌ಗೆ ಶಬ್ದ ಹೀರುವ ಹಲಗೆ ಹಾಕಿಸಿ. ಬಿಸಿಲು, ಎರಚಲು, ಶಬ್ದ ಮೂರೂ ಅಲ್ಲೇ ಸ್ವಲ್ಪ ಸ್ವಲ್ಪ ತಗ್ಗುತ್ತವೆ. ಹಳಿಯ ಪಶ್ಚಿಮಕ್ಕೆ ಇರುವವರ ಪಾಡು ಸುಲಭ. ಅವರ ಶಾಂತ ಬದಿಯೇ ಗಾಳಿಯ ಬದಿ.

ಇನ್ನೊಂದು ತೊಡಕು ವಾಸ್ತು. ಯಜಮಾನರ ಕೋಣೆ ನೈಋತ್ಯದಲ್ಲೇ ಬೇಕು ಅಂತ ನಮ್ಮವರಲ್ಲಿ ಅನೇಕರು ಕೇಳುತ್ತಾರೆ. ಹಳಿಯ ಪೂರ್ವಕ್ಕಿರುವ ಕಟ್ಟಡದಲ್ಲಿ ನೈಋತ್ಯ ಮೂಲೆ ನೇರವಾಗಿ ಹಳಿಯ ಮೇಲೆ ಬರುತ್ತದೆ. ಇದನ್ನು ಮೊದಲ ಮೀಟಿಂಗ್‌ನಲ್ಲೇ ಮುಕ್ತವಾಗಿ ಮಾತಾಡಿ. ನನ್ನ ಅಭಿಪ್ರಾಯ ಕೇಳಿದರೆ, ನಿದ್ದೆಗೆ ಮೊದಲ ಸ್ಥಾನ. ನೈಋತ್ಯವೇ ಬೇಕು ಅನ್ನುವವರಿಗೆ ಆ ಕೋಣೆಯ ಕಿಟಕಿಯನ್ನು ದಕ್ಷಿಣಕ್ಕೆ ತೆರೆದು, ಪಶ್ಚಿಮದ ಗೋಡೆಯನ್ನು ಕಪಾಟು ಸಹಿತ ಪೂರ್ತಿ ಮುಚ್ಚುವುದು ಒಂದು ರಾಜಿ.

ಎಷ್ಟೇ ಜಾಣತನ ಮಾಡಿದರೂ ಒಂದು ಮಹಡಿಯಲ್ಲಿ ಆರು ಮನೆ ಇದ್ದರೆ ಎರಡಾದರೂ ಹಳಿ ಕಡೆಗೆ ಬರುತ್ತವೆ. ಅವು ಯಾರಿಗೆ? ಸೊಸೈಟಿಗಳಲ್ಲಿ ಮನಸ್ತಾಪ ಹುಟ್ಟುವುದು ಇಲ್ಲೇ. ಮನೆ ಹಂಚುವ ಮುಂಚೆಯೇ ನಿಯಮ ಬರೆದುಕೊಳ್ಳಿ: ಚೀಟಿ ಎತ್ತಿ ಹಂಚುವುದು, ಹಳಿ ಕಡೆಯ ಮನೆಗೆ ಉತ್ತಮ ದರ್ಜೆಯ ಕಿಟಕಿ ಮತ್ತು ಗಾಳಿ ವ್ಯವಸ್ಥೆಯನ್ನು ಬಿಲ್ಡರ್ ಖರ್ಚಿನಲ್ಲೇ ಕೊಡುವುದು, ಸಾಧ್ಯವಾದರೆ ಸ್ವಲ್ಪ ಜಾಸ್ತಿ ಕಾರ್ಪೆಟ್ ಏರಿಯಾ. ಬಿಲ್ಡರ್ ಹೊರಗಿನವರಿಗೆ ಮಾರುವ ಮನೆಗಳನ್ನೆಲ್ಲ ಶಾಂತ ಬದಿಗಿಟ್ಟು ಹಳೇ ಸದಸ್ಯರನ್ನೆಲ್ಲ ಹಳಿಗೆ ಮುಖ ಮಾಡಿ ಕೂರಿಸುವ ನಕ್ಷೆ ಬಂದರೆ ಅಲ್ಲೇ ತಡೆಯಿರಿ.

6. ಈಗ ಕಿಟಕಿ

ಎರಡೂ ಕಡೆ ಗಾರೆ ಮಾಡಿದ ಒಂಬತ್ತಿಂಚಿನ ಇಟ್ಟಿಗೆ ಗೋಡೆ ಸುಮಾರು 50 ಡೆಸಿಬೆಲ್ ತಡೆಯುತ್ತದೆ. ಸಾಮಾನ್ಯ ಗಾಜಿನ ಬಿಗಿಯಾದ ಕಿಟಕಿ 30ರ ಸುತ್ತಮುತ್ತ. ಗೋಡೆಯ ಐದನೇ ಒಂದು ಪಾಲು ಕಿಟಕಿ ಆದರೆ ಎರಡೂ ಸೇರಿ ತಡೆಯುವುದು ಸುಮಾರು 37. ಈಗ ಅದೇ ಗೋಡೆಯಲ್ಲಿ ನೂರಕ್ಕೆ ಒಂದು ಪಾಲು ಮಾತ್ರ ತೆರೆದಿದೆ ಅಂದುಕೊಳ್ಳಿ. ಒಟ್ಟು ತಡೆ 20ಕ್ಕೆ ಕುಸಿಯುತ್ತದೆ. ನೂರಕ್ಕೆ ಒಂದು! ಗೋಡೆ ಎಷ್ಟೇ ದಪ್ಪ ಮಾಡಿ, ಗಾಜು ಎಷ್ಟೇ ದುಬಾರಿಯದು ಹಾಕಿ, ಸಂದು ಉಳಿದರೆ ಎಲ್ಲ ಹೋಯಿತು.

ನಿಮ್ಮ ಈಗಿನ ಸ್ಲೈಡಿಂಗ್ ಕಿಟಕಿಯನ್ನೇ ಹತ್ತಿರದಿಂದ ನೋಡಿ. ಎರಡು ಪಲ್ಲೆ ಒಂದರ ಮೇಲೊಂದು ಬರುವ ಕಡೆ ಬೆರಳು ಇಡಿ. ಅಲ್ಲಿ ಕಪ್ಪು ಬ್ರಷ್‌ನಂಥ ಪಟ್ಟಿ ಇದೆ, ಅದು ಸವೆದಿದೆ. ಕೆಳಗಿನ ಕಂಬಿಯಲ್ಲಿ ಮಳೆನೀರು ಹೋಗಲು ತೂತು ಬಿಟ್ಟಿದ್ದಾರೆ. ಚೌಕಟ್ಟು ಮತ್ತು ಗೋಡೆಯ ನಡುವೆ ಗಾರೆ ಬಿಟ್ಟುಕೊಂಡಿದೆ. ರೈಲಿನ ಕಂದು ಧೂಳು ಗೆರೆ ಎಳೆದ ಹಾಗೆ ಯಾವ ಸಂದಿನಲ್ಲಿ ಕೂತಿದೆಯೋ ಶಬ್ದ ಬರುವುದೂ ಅಲ್ಲಿಂದಲೇ.

ಆದ್ದರಿಂದ ಕೇಳಬೇಕಾದದ್ದು ಹೀಗೆ. ಹಳಿ ಬದಿಯ ಮಲಗುವ ಕೋಣೆಗಳಿಗೆ ಬಾಗಿಲಿನಂತೆ ತೆರೆಯುವ ಕೇಸ್‌ಮೆಂಟ್ ಕಿಟಕಿ, ಸುತ್ತ ರಬ್ಬರ್ ಗ್ಯಾಸ್ಕೆಟ್, ಮೂಲೆಮೂಲೆಗೂ ಬಿಗಿಯುವ ಲಾಕ್. ಗಾಜು ಲ್ಯಾಮಿನೇಟೆಡ್ ಆಗಿರಲಿ, ಅಂದರೆ ಎರಡು ಹಾಳೆ ಗಾಜಿನ ನಡುವೆ ಪ್ಲಾಸ್ಟಿಕ್ ಪದರ ಅಂಟಿಸಿದ್ದು. ಡಬಲ್ ಗ್ಲಾಸ್ ಹಾಕುವುದಾದರೆ ಎರಡು ಗಾಜಿನ ದಪ್ಪ ಬೇರೆ ಬೇರೆ ಇರಲಿ. ಒಂದೇ ದಪ್ಪ ಇದ್ದರೆ ಎರಡೂ ಒಂದೇ ಸ್ವರಕ್ಕೆ ಸೋಲುತ್ತವೆ. ನಡುವೆ 12 ಮಿಲಿಮೀಟರ್ ಗಾಳಿ ಬಿಟ್ಟ ಮಾಮೂಲಿ ಡಬಲ್ ಗ್ಲಾಸ್ ಬಿಸಿಲಿಗೆ ಚೆನ್ನಾಗಿದೆ, ರೈಲಿನ ಮಂದ ಗುಡುಗಿಗೆ ಅಷ್ಟಾಗಿ ಇಲ್ಲ. ನಾಲ್ಕು ಇಂಚು ಅಂತರದಲ್ಲಿ ಒಳಗೊಂದು ಪ್ರತ್ಯೇಕ ಕಿಟಕಿ ಹಾಕುವುದು ಅದಕ್ಕಿಂತ ಎಷ್ಟೋ ವಾಸಿ. ಹಳೇ ಮನೆಯಲ್ಲೇ ಉಳಿಯುವವರಿಗೂ ಇದೇ ಒಳ್ಳೆಯ ಉಪಾಯ.

ಎಸಿಯ ಪೈಪ್ ತೂತು, ಬಚ್ಚಲಿನ ಎಕ್ಸಾಸ್ಟ್, ಅಡುಗೆಮನೆ ಚಿಮಣಿ ಇವೆಲ್ಲ ಶಬ್ದದ ಬಾಗಿಲುಗಳೇ. ಬಚ್ಚಲಿನ ಲೂವರ್ ಕಿಟಕಿ ಹಳಿ ಕಡೆಗಿದ್ದರೆ ಬಚ್ಚಲ ಬಾಗಿಲು ಗಟ್ಟಿಯಾಗಿರಬೇಕು.

ಇನ್ನು ಉಸಿರಾಟದ ಮಾತು. ಮುಂಬೈನ ಸೆಕೆಯಲ್ಲಿ ಕಿಟಕಿ ಮುಚ್ಚಿಕೊಂಡೇ ಇದ್ದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಗೆ ಬೂಷ್ಟು ಹಿಡಿಯುತ್ತದೆ. ಕಿಟಕಿ ಮುಚ್ಚಿದಾಗಲೂ ಹೊಸ ಗಾಳಿ ಬರುವ ದಾರಿ ನಕ್ಷೆಯಲ್ಲಿ ಇದೆಯಾ ಅಂತ ಕೇಳಿ. ಶಾಂತ ಬದಿಯಿಂದ ಎಳೆದುಕೊಳ್ಳುವುದು ಉತ್ತಮ. ಆಗದಿದ್ದರೆ ಒಳಗೆ ಶಬ್ದ ಹೀರುವ ಪದರ ಇರುವ, ತಿರುವು ದಾರಿಯ ವೆಂಟಿಲೇಟರ್ ಪೆಟ್ಟಿಗೆ ಮತ್ತು ಸಣ್ಣ ಫ್ಯಾನ್. ಎಸಿ ಇದೆಯಲ್ಲ ಅನ್ನುವ ಉತ್ತರ ಸಾಲದು. ಸ್ಪ್ಲಿಟ್ ಎಸಿ ಕೋಣೆಯ ಗಾಳಿಯನ್ನೇ ತಿರುಗಿಸುತ್ತದೆ, ಹೊಸದನ್ನು ತರುವುದಿಲ್ಲ.

7. ಮಳೆನೀರು

ಹಳಿಯ ಉದ್ದಕ್ಕೂ ಚರಂಡಿ ಇರುತ್ತದೆ, ಅಲ್ಲಲ್ಲಿ ಹಳಿಯ ಕೆಳಗೆ ಮೋರಿ. ಹಳಿಯ ದಿಬ್ಬ ಎತ್ತರದಲ್ಲಿದ್ದರೆ ನಿಮ್ಮ ಅಂಗಳದ ನೀರಿಗೆ ಅದೊಂದು ಅಣೆಕಟ್ಟು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿತ್ತು. ಅಂಥ ದಿನ ನೀರು ಎಲ್ಲಿ ನಿಲ್ಲುತ್ತದೆ ಅಂತ ಹಳೇ ಸದಸ್ಯರನ್ನೇ ಕೇಳಿ, ಗೋಡೆಯ ಮೇಲೆ ಗುರುತು ಮಾಡಿಸಿ.

ಲೆವೆಲ್ ಸರ್ವೆಯಲ್ಲಿ ಮೋರಿಯ ತಳದ ಮಟ್ಟ ಇರಲೇಬೇಕು. ವಿದ್ಯುತ್ ಮೀಟರ್ ಕೋಣೆ, ಪಂಪ್, ಲಿಫ್ಟ್ ಗುಂಡಿ, ಜನರೇಟರ್ ಎಲ್ಲ ಆ ಗುರುತಿನ ಮೇಲೆ ಬರಲಿ. ಬೇಸ್‌ಮೆಂಟ್ ಪಾರ್ಕಿಂಗ್ ಬೇಡವೇ ಬೇಡ ಅನ್ನುವುದು ನನ್ನ ಸಲಹೆ. ಹಳಿ ಪಕ್ಕ ಆಳಕ್ಕೆ ಅಗೆಯಲು ರೈಲ್ವೆ ಹಾಕುವ ಷರತ್ತೂ ಕಠಿಣ, ನೀರಿನ ಭಯವೂ ಜಾಸ್ತಿ. ಮತ್ತೆ, ಅಂಗಳವನ್ನು ಸುಮ್ನೆ ಎರಡಡಿ ಎತ್ತರಿಸಿ ಪಕ್ಕದ ಚಾಳಿಗೆ ನೀರು ತಳ್ಳುವ ಕೆಲಸ ಮಾಡಬೇಡಿ. ಮಳೆನೀರು ಹಿಡಿಯುವ ತೊಟ್ಟಿ ಮಾಡಿ, ಹದವಾಗಿ ಪಾಲಿಕೆಯ ಚರಂಡಿಗೇ ಬಿಡಿ.

8. ಗೋಡೆ, ಗೇಟು, ಮರ, ಬಟ್ಟೆ

ಕಟ್ಟಡಕ್ಕೂ ಹಳಿಗೂ ನಡುವಿನ ಪಟ್ಟಿಯನ್ನು ಯಾರೂ ವಿನ್ಯಾಸ ಮಾಡುವುದಿಲ್ಲ. ಕಸ ಬೀಳುವ ಜಾಗವಾಗಿ ಬಿಟ್ಟುಬಿಡುತ್ತಾರೆ. ಅಲ್ಲಿ ಅಗ್ನಿಶಾಮಕ ವಾಹನ ಓಡಾಡಬೇಕು, ಮುಂದೆ ಬಣ್ಣ ಹಚ್ಚುವಾಗ ಸಾರುವೆ ಕಟ್ಟಬೇಕು. ಈ ಎಲ್ಲ ಕೆಲಸ ರೈಲ್ವೆ ಜಮೀನಿಗೆ ಕಾಲಿಡದೆ ಆಗಬೇಕು. ಮಕ್ಕಳ ಆಟದ ಜಾಗ ಅಲ್ಲಿ ಬೇಡ, ಶಾಂತ ಬದಿಯ ಅಂಗಳದಲ್ಲಿರಲಿ. ಗೋಡೆಗೆ ತಾಗಿಸಿ ಬೆಂಚು, ತೊಟ್ಟಿ, ಹಳೇ ಸಾಮಾನು ಇಡಬೇಡಿ. ಹತ್ತಿ ದಾಟಲು ಅವೇ ಮೆಟ್ಟಿಲಾಗುತ್ತವೆ.

ಗೇಟಿನ ವಿಷಯ ಸಣ್ಣದಾಗಿ ಕಾಣುತ್ತದೆ, ಆದರೆ ಜೀವದ ಪ್ರಶ್ನೆ. ಪಾದಚಾರಿ ಗೇಟು ಮೇಲ್ಸೇತುವೆಯ ಕಡೆಗೆ ಹತ್ತಿರ ಇದ್ದರೆ ಜನ ಸೇತುವೆ ಹತ್ತುತ್ತಾರೆ. ಅದು ಸುತ್ತು ಬಳಸಿ ಇದ್ದರೆ ಗೋಡೆಯ ಒಡಕು ಹುಡುಕಿ ಹಳಿ ದಾಟುತ್ತಾರೆ. 1989ರ ರೈಲ್ವೆ ಕಾಯ್ದೆಯ 147ನೇ ಕಲಂ ಪ್ರಕಾರ ಅದು ಆರು ತಿಂಗಳವರೆಗೆ ಜೈಲು ಅಥವಾ ದಂಡಕ್ಕೆ ಗುರಿಯಾಗುವ ಅಪರಾಧ. ಆದರೆ ಕಾಯ್ದೆಗಿಂತ ಗೇಟಿನ ಜಾಗ ಹೆಚ್ಚು ಜನರನ್ನು ತಡೆಯುತ್ತದೆ. ರೈಲ್ವೆ ಗೋಡೆ ಒಡೆದಿದ್ದರೆ ಸೊಸೈಟಿಯ ಲೆಟರ್‌ಹೆಡ್‌ನಲ್ಲಿ ದೂರು ಕೊಡಿ.

ಮರ ನೆಡುವಾಗ ಅದು ಪೂರ್ತಿ ಬೆಳೆದಾಗಿನ ಎತ್ತರದಷ್ಟು ದೂರದಲ್ಲಿ ನೆಡಿ. ಗಾಳಿಮಳೆಗೆ ಉರುಳಿದರೂ ರೈಲಿನ ವಿದ್ಯುತ್ ತಂತಿಯ ಮೇಲೆ ಬೀಳಬಾರದು. ಗೋಡೆಯ ಹತ್ತಿರಕ್ಕೆ ದಾಸವಾಳ, ಕಣಗಿಲೆಯಂಥ ಗಿಡಗಳೇ ಸಾಕು.

ಮುಂಬೈ ಲೋಕಲ್‌ನ ತಂತಿಯಲ್ಲಿ ಹಿಂದೆ 1,500 ವೋಲ್ಟ್ ಡಿಸಿ ಇತ್ತು. ಹಂತ ಹಂತವಾಗಿ ಬದಲಾಯಿಸಿ 2016ರ ಹೊತ್ತಿಗೆ ಎಲ್ಲ ಮಾರ್ಗಗಳಲ್ಲೂ 25,000 ವೋಲ್ಟ್ ಎಸಿ ಬಂತು. ನಿಮ್ಮ ಹಳೇ ಕಟ್ಟಡದ ಅಭ್ಯಾಸಗಳು ಆ ಹಳೇ ಕಾಲದವು. ಈ ತಂತಿಯ 2 ಮೀಟರ್ ಒಳಗೆ ಯಾವುದೂ ಹೋಗಬಾರದು. ಒದ್ದೆ ಬಿದಿರು, ಬಟ್ಟೆ ಒಣಹಾಕುವ ಕಬ್ಬಿಣದ ಕಂಬಿ, ಗಾಳಿಪಟದ ದಾರ ಯಾವುದೂ. ಟೆರೇಸಿನ ತಗಡು ಮತ್ತು ಮಳೆಗಾಲದ ತಾಡಪತ್ರಿ ಹಾರಿ ತಂತಿಗೆ ಸುತ್ತಿಕೊಂಡರೆ ಸಾವಿರಾರು ಜನರ ರೈಲು ನಿಲ್ಲುತ್ತದೆ. ಆದ್ದರಿಂದ ಹಳಿ ಬದಿಯ ಟೆರೇಸಿನಲ್ಲಿ ತಗಡಿನ ಶೆಡ್ ಬೇಡ. ಲೋಹದ ಬೇಲಿ, ರೇಲಿಂಗ್‌ಗಳಿಗೆ ಅರ್ತಿಂಗ್ ಕಡ್ಡಾಯ ಮಾಡಿ.

ಬೆಳಕೂ ಗಮನದಲ್ಲಿರಲಿ. ಹಳಿ ಕಡೆಗೆ ಮುಖ ಮಾಡಿದ ಕೆಂಪು, ಹಸಿರು ದೀಪ ಅಥವಾ ಕಣ್ಣು ಕುಕ್ಕುವ ಫ್ಲಡ್‌ಲೈಟ್ ಬೇಡ. ಮೋಟರ್‌ಮನ್ ಸಿಗ್ನಲ್ ನೋಡಬೇಕು. ಗಣೇಶೋತ್ಸವದ ಅಲಂಕಾರಕ್ಕೂ ಇದು ಅನ್ವಯ. ಆದಾಯಕ್ಕೆಂದು ಹಳಿ ಬದಿಗೆ ದೊಡ್ಡ ಹೋರ್ಡಿಂಗ್ ಹಾಕಿಸುವ ಪ್ರಸ್ತಾಪ ಬಂದರೆ 2024ರ ಮೇ 13ರಂದು ಘಾಟ್ಕೋಪರ್‌ನಲ್ಲಿ 17 ಜನರ ಜೀವ ತೆಗೆದ ಹೋರ್ಡಿಂಗನ್ನು ನೆನಪಿಸಿಕೊಳ್ಳಿ. ಮುಂಬೈ ಪಾಲಿಕೆಯ ಮಿತಿ 40 ಅಡಿಗೆ 40 ಅಡಿ, ಅದು 120 ಅಡಿಗೆ 120 ಅಡಿ ಇತ್ತು.

9. ಕಟ್ಟುವಾಗ

ಟವರ್ ಕ್ರೇನಿನ ತೋಳು ಹಳಿಯ ಮೇಲೆ ತಿರುಗಬಾರದು. ಅದರ ಸುತ್ತಳತೆಯನ್ನು ನಕ್ಷೆಯ ಮೇಲೆ ಬರೆಸಿ. ಪೈಲಿಂಗ್‌ಗೆ ಬಡಿಯುವ ಯಂತ್ರದ ಬದಲು ಕೊರೆಯುವ ಯಂತ್ರ ಕೇಳಿ. ಅಗೆತ ಶುರುವಾಗುವ ಮುಂಚೆ ಅಕ್ಕಪಕ್ಕದ ಕಟ್ಟಡಗಳ ಬಿರುಕುಗಳನ್ನು ತಾರೀಕು ಸಹಿತ ಫೋಟೋ ತೆಗೆಸಿಡಿ. ಹಳಿ ಬದಿಗೆ ಎರಡು ಪದರದ ಬಲೆ ಕಟ್ಟಿಸಿ.

10. ಒಪ್ಪಂದದಲ್ಲಿ ಏನು ಬರೆಸಬೇಕು

"ಉತ್ತಮ ಗುಣಮಟ್ಟದ ಸೌಂಡ್‌ಪ್ರೂಫ್ ಕಿಟಕಿ" ಅನ್ನುವ ಸಾಲಿಗೆ ಯಾವ ಬೆಲೆಯೂ ಇಲ್ಲ. ಸಂಖ್ಯೆ ಬರೆಸಿ: ಕಿಟಕಿ ಮುಚ್ಚಿದಾಗ, ವೆಂಟಿಲೇಟರ್ ಚಾಲೂ ಇದ್ದಾಗ, ಹಳಿ ಬದಿಯ ಮಲಗುವ ಕೋಣೆಯೊಳಗೆ ರೈಲಿನ ತುದಿ ಶಬ್ದ ಇಷ್ಟು ಡೆಸಿಬೆಲ್ ದಾಟಬಾರದು. ಯಾರು ಅಳೆಯುತ್ತಾರೆ, ಯಾವ ಹೊತ್ತಿನಲ್ಲಿ, ದಾಟಿದರೆ ಬಿಲ್ಡರ್ ಏನು ಮಾಡಬೇಕು ಅನ್ನುವುದೂ ಇರಲಿ. ಕಿಟಕಿಯ ಚೌಕಟ್ಟು, ಗಾಜಿನ ದಪ್ಪ, ಗ್ಯಾಸ್ಕೆಟ್ ಬಗೆ ಎಲ್ಲ ಪಟ್ಟಿಯಾಗಿ ಲಗತ್ತಿಸಿ. ಮೊದಲು ಒಂದು ಮಾದರಿ ಕೋಣೆ ಮುಗಿಸಿ, ಅಲ್ಲಿ ಅಳೆದು ಪಾಸಾದ ಮೇಲೇ ಉಳಿದ ಕಿಟಕಿಗಳಿಗೆ ಆರ್ಡರ್ ಕೊಡಬೇಕು ಅಂತ ಷರತ್ತು ಹಾಕಿ.

ಸದಸ್ಯರೊಂದಿಗೆ ಆಗುವ ಶಾಶ್ವತ ಪರ್ಯಾಯ ವಸತಿ ಒಪ್ಪಂದಕ್ಕೆ ಮಹಡಿಯ ನಕ್ಷೆಯನ್ನೂ ಕೋಣೆಗಳ ಹೆಸರಿನೊಂದಿಗೆ ಸೇರಿಸಿ. ಆಮೇಲೆ "ಅಪ್ರೂವಲ್‌ಗಾಗಿ ಸ್ವಲ್ಪ ಬದಲಾಯಿಸಿದ್ವಿ" ಅಂತ ಮಲಗುವ ಕೋಣೆ ಹಳಿ ಕಡೆಗೆ ಹೊರಳದಿರಲಿ.

ಹೊಸದಾಗಿ ಕೊಳ್ಳುವವರಿಗೆ ರೇರಾ, ಅಂದರೆ ಮನೆ ಕೊಳ್ಳುವವರ ಹಿತ ಕಾಯುವ ರಿಯಲ್ ಎಸ್ಟೇಟ್ ಕಾಯ್ದೆಯ 14ನೇ ಕಲಂ ಇದೆ. ಕೀಲಿ ಪಡೆದ ದಿನದಿಂದ ಐದು ವರ್ಷದೊಳಗೆ ರಚನೆಯಲ್ಲೋ ಕೆಲಸದ ಗುಣಮಟ್ಟದಲ್ಲೋ ದೋಷ ಕಂಡು ತಿಳಿಸಿದರೆ ಬಿಲ್ಡರ್ 30 ದಿನದಲ್ಲಿ ತನ್ನ ಖರ್ಚಿನಲ್ಲೇ ಸರಿಪಡಿಸಬೇಕು. ಹಳೇ ಸದಸ್ಯರು ಅದನ್ನೇ ನೆಚ್ಚಿಕೊಳ್ಳಬೇಡಿ. ಅದೇ ಐದು ವರ್ಷ, ಅದೇ 30 ದಿನ ಅನ್ನುವ ಮಾತನ್ನು ನಿಮ್ಮ ಒಪ್ಪಂದದಲ್ಲಿ ಪ್ರತ್ಯೇಕವಾಗಿ ಬರೆಸಿ, ಗ್ಯಾಸ್ಕೆಟ್ ಮತ್ತು ವೆಂಟಿಲೇಟರನ್ನು ಹೆಸರು ಹೇಳಿ ಸೇರಿಸಿ. ಕೀಲಿ ಪಡೆಯುವ ದಿನ ಹಳಿ ಕಡೆಯ ಮನೆಗಳಲ್ಲಿ ಸಂಜೆ ರಶ್ ಹೊತ್ತಿಗೆ ಕೂತು, ಒಂದೊಂದು ಕಿಟಕಿಯನ್ನೂ ಮುಚ್ಚಿ, ಸಂದಿನಲ್ಲಿ ತೆಳ್ಳನೆಯ ಕಾಗದ ಸಿಕ್ಕಿಸಿ ಎಳೆದು ನೋಡಿ. ಕಾಗದ ಸಲೀಸಾಗಿ ಜಾರಿ ಬಂದರೆ ಆ ಕಿಟಕಿಯ ನಂಬರ್ ಬರೆದುಕೊಂಡು, ಸರಿಪಡಿಸಿದ ಮೇಲೆ ಸಹಿ ಹಾಕಿ.